ಬೇಸಿಗೆ ರಜೆಯಲ್ಲಿ ಮನೆಯ ಹಿರಿಯರ ಮುಖ ಬರೆಯೋಣ: ಎಣ್ಣೆಬಣ್ಣಕ್ಕೊಂದು ಕೈಪಿಡಿ

ರಜೆಗೆ ಊರಿಗೆ ಹೋಗುವವರಲ್ಲಿ ಕೈಯಲ್ಲಿ ಒಂದಿಷ್ಟು ಚಿತ್ರಕಲೆ ಇರುವವರಿಗೆ ನನ್ನದೊಂದು ಒತ್ತಾಯ. ಈ ಸಲ ಬೆಟ್ಟ, ಗುಡಿ, ತೆಂಗಿನಮರ ಬೇಡ. ಮನೆಯ ಹಿರಿಯರ ಮುಖ ಬರೆಯಿರಿ. ಅದನ್ನೂ ಎಣ್ಣೆಬಣ್ಣದಲ್ಲೇ ಬರೆಯಿರಿ.

ಎಣ್ಣೆಬಣ್ಣ ಯಾಕೆ ಅಂದರೆ ಅದು ನಿಧಾನ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ನೋಡನೋಡುತ್ತಲೇ ಒಣಗಿಬಿಡುತ್ತದೆ. ಎಣ್ಣೆಬಣ್ಣ ದಿನಗಟ್ಟಲೆ ಹಸಿಯಾಗಿರುತ್ತದೆ, ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಆ ನಿಧಾನದಲ್ಲೇ ಎದುರಿಗೆ ಕೂತ ಅಜ್ಜಿ ಮಾತಿಗೆ ತೊಡಗುತ್ತಾರೆ. ಸುಮ್ನೆ ಹೋಗಿ "ಹಳೇ ಕತೆ ಹೇಳಿ ಅಜ್ಜಿ" ಅಂದರೆ "ನಂದೇನಿದೆಯಪ್ಪ ಹೇಳೋಕೆ" ಅನ್ನುವವರೇ, ನೀವು ತಲೆ ಬಗ್ಗಿಸಿ ಕೆಲಸ ಮಾಡುತ್ತಾ ಆಗಾಗ ಅವರ ಕಡೆ ನೋಡುತ್ತಿದ್ದರೆ, ತವರುಮನೆಯ ಬಾವಿಯಿಂದ ಹಿಡಿದು ಮದುವೆಯ ದಿನ ಮಳೆ ಬಂದದ್ದರವರೆಗೆ ಹೇಳುತ್ತಾ ಹೋಗುತ್ತಾರೆ. ಈ ಕೆಲಸದಲ್ಲಿ ಕುಂಚ ಎಷ್ಟು ಮುಖ್ಯವೋ ಕೇಳುವುದೂ ಅಷ್ಟೇ ಮುಖ್ಯ. ಕೇಳದೆ ಹೋದರೆ ಅರ್ಧ ಬಣ್ಣ ನಿಮಗೆ ಗೊತ್ತೇ ಆಗುವುದಿಲ್ಲ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಯಾರನ್ನು, ಯಾವ ಕ್ರಮದಲ್ಲಿ

ಒಂದು ಬೇಸಿಗೆಗೆ ಮೂರು ಚಿತ್ರ ಸಾಕು. ಮೊದಲನೆಯದು ಈಗ ನಮ್ಮ ಜೊತೆ ಇರುವ ಒಬ್ಬ ಹಿರಿಯರದು, ಎದುರಿಗೆ ಕೂರಿಸಿಕೊಂಡು. ಎರಡನೆಯದು ತೀರಿಕೊಂಡವರದು, ಹಳೆಯ ಫೋಟೋ ನೋಡಿಕೊಂಡು. ಮೂರನೆಯದು ನಿಮ್ಮದೇ ಮುಖ, ಕನ್ನಡಿಯಲ್ಲಿ ನೋಡಿಕೊಂಡು.

ಈ ಕ್ರಮ ಬದಲಿಸಬೇಡಿ. ಬಹಳ ಜನ ಗೋಡೆಯ ಮೇಲಿನ ಮುತ್ತಜ್ಜನ ಫೋಟೋದಿಂದಲೇ ಶುರು ಮಾಡುತ್ತಾರೆ, ಫೋಟೋ ಅಲುಗಾಡುವುದಿಲ್ಲ, ಬೇಸರ ಪಡುವುದಿಲ್ಲ ಅಂತ. ಆದರೆ ಹಳೆಯ ಕಪ್ಪುಬಿಳುಪು ಫೋಟೋದಲ್ಲಿ ಕಿವಿಯ ಅಂಚು ಎಷ್ಟು ಕೆಂಪು, ಕಣ್ಣಿನ ಕೆಳಗೆ ಚರ್ಮ ಯಾವ ಬಣ್ಣಕ್ಕೆ ತಿರುಗುತ್ತದೆ ಅನ್ನುವುದು ಇರುವುದಿಲ್ಲ. ಅದನ್ನು ಜೀವಂತ ಮುಖದಿಂದಲೇ ಕಲಿಯಬೇಕು. ಅಜ್ಜಿಯ ಮುಖವನ್ನು ಹತ್ತಾರು ಗಂಟೆ ನೋಡಿದ ಕಣ್ಣಿಗೆ ಅವರ ಅಪ್ಪನ ಫೋಟೋ ಬೇರೆಯದೇ ಆಗಿ ಕಾಣುತ್ತದೆ. ಅದೇ ಹುಬ್ಬಿನ ಮೂಳೆ, ಅದೇ ಕಿವಿಯ ಹಾಲೆ. ಕೊನೆಗೆ ಕನ್ನಡಿ ಮುಂದೆ ಕೂತಾಗ ಅವೆಲ್ಲ ನಿಮ್ಮ ಮುಖದಲ್ಲೂ ಸಿಗುತ್ತವೆ. ಇನ್ನೊಂದು ಕಾರಣ ಹೇಳಬೇಕಾಗಿಲ್ಲ, ಎಲ್ಲರಿಗೂ ಗೊತ್ತಿರುವುದೇ: ಫೋಟೋ ಮುಂದಿನ ವರ್ಷವೂ ಇರುತ್ತದೆ.

ನಮ್ಮ ಶಾಲೆಗಳ ರಜೆ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಇರುತ್ತದೆ. ಈ ಕೆಲಸಕ್ಕೆ ಅದು ಒಳ್ಳೆಯ ಕಾಲ. ಗಾಳಿ ಒಣಗಿರುತ್ತದೆ, ಮಳೆ ಹಿಡಿಯುವ ಮೊದಲು ಬಣ್ಣ ಮುಟ್ಟುವಷ್ಟಾದರೂ ಒಣಗುತ್ತದೆ. ಹೊರದೇಶದಿಂದ ಬಂದವರು ಒಂದು ಲೆಕ್ಕ ಹಾಕಿಕೊಳ್ಳಿ. ಹಸಿ ಕ್ಯಾನ್ವಾಸನ್ನು ಸೂಟ್‌ಕೇಸಿನಲ್ಲಿ ತುಂಬುವಂತಿಲ್ಲ, ಬಣ್ಣ ತೆಳು ಮಾಡಲು ಬಳಸುವ, ಬೆಂಕಿ ಹಿಡಿಯುವ ವಸ್ತುವಾದ ಟರ್ಪೆಂಟೈನನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಹಾಗಾಗಿ ಟರ್ಪೆಂಟೈನ್ ಇಲ್ಲೇ ಕೊಳ್ಳಿ, ಹೊರಡುವುದಕ್ಕೆ ಎರಡು ಮೂರು ವಾರ ಮೊದಲೇ ಕುಂಚ ಕೆಳಗಿಡಿ. ಇಲ್ಲದಿದ್ದರೆ ಚಿತ್ರವನ್ನು ಊರಲ್ಲೇ ಬಿಟ್ಟು ಹೋಗಿ, ನನ್ನ ಪ್ರಕಾರ ಅದರ ಜಾಗವೂ ಅದೇ.

ಮೊದಲ ವಾರ ಬರೀ ಕೇಳುವುದು

ಮೊದಲ ವಾರ ಕುಂಚ ಮುಟ್ಟಬೇಡಿ. ಒಂದು ನೋಟ್‌ಬುಕ್, ಪೆನ್ಸಿಲ್, ಫೋನು ಸಾಕು. ಫೋನಿನಲ್ಲಿ ಮಾತು ರೆಕಾರ್ಡ್ ಮಾಡುತ್ತೀರಾದರೆ ಮೊದಲೇ ಹೇಳಿ ಒಪ್ಪಿಗೆ ತೆಗೆದುಕೊಳ್ಳಿ.

ಪ್ರಶ್ನೆ ದೊಡ್ಡದಾಗಿ ಕೇಳಿದರೆ ಉತ್ತರ ಬರುವುದಿಲ್ಲ. "ನಿಮ್ಮ ಕಾಲ ಹೇಗಿತ್ತು" ಅಂದರೆ "ಕಷ್ಟ ಇತ್ತು" ಅಂದು ಸುಮ್ಮನಾಗುತ್ತಾರೆ. ವಸ್ತು ಹಿಡಿದುಕೊಂಡು ಕೇಳಿ. ಈ ಓಲೆ ಯಾರು ಮಾಡಿಸಿದ್ದು? ಈ ಫೋಟೋ ತೆಗೆಸಿದ್ದು ಯಾವ ಊರಿನ ಸ್ಟುಡಿಯೋದಲ್ಲಿ, ಯಾರ ಮದುವೆಗೆ ಹೋದಾಗ? ಆ ಕುರ್ಚಿ ನಮ್ಮ ಮನೆಯದಾ, ಸ್ಟುಡಿಯೋದ್ದಾ? ಆ ರುಮಾಲು ದಿನಾ ಸುತ್ತುತ್ತಿದ್ದರಾ, ಅವತ್ತು ಮಾತ್ರವಾ? ಹೀಗೆ ಕೇಳಿದಾಗ ಪಕ್ಕದಲ್ಲಿ ಕೂತ ದೊಡ್ಡಮ್ಮನೋ ಸೋದರಮಾವನೋ ನಡುವೆ ಬಾಯಿ ಹಾಕಿ "ಅಲ್ಲ, ಅದು ಹಾಸನದಲ್ಲಿ ತೆಗೆಸಿದ್ದು" ಅಂತ ತಿದ್ದುತ್ತಾರೆ. ಬಿಡಿ, ಇಬ್ಬರೂ ವಾದ ಮಾಡಲಿ. ಎರಡನ್ನೂ ಬರೆದುಕೊಳ್ಳಿ.

ಸಂಬಂಧಗಳ ದಾರಿ ತಪ್ಪಿದರೆ ಕಾಗದಗಳನ್ನು ಹುಡುಕಿ. ಹಳೆಯ ಲಗ್ನಪತ್ರಿಕೆ, ಜಮೀನಿನ ಪತ್ರ, ಆಸ್ತಿ ಭಾಗವಾದಾಗ ಮಾಡಿಸಿದ ವಂಶವೃಕ್ಷ, ಶಾಲೆಯ ಟಿ.ಸಿ. ಟ್ರಂಕಿನ ತಳದಲ್ಲಿ ಏನಾದರೂ ಇದ್ದೇ ಇರುತ್ತದೆ. ಇನ್ನೂ ಹೆಳವರು ಬಂದುಹೋಗುವ ಮನೆ ನಿಮ್ಮದಾಗಿದ್ದರೆ ಅದಕ್ಕಿಂತ ದೊಡ್ಡ ಭಾಗ್ಯ ಇಲ್ಲ. ಎತ್ತಿನ ಮೇಲೆ ಊರೂರು ತಿರುಗುತ್ತಾ ಮನೆತನಗಳ ಹೆಸರನ್ನು ತಲೆಮಾರು ತಲೆಮಾರಾಗಿ ಹೇಳುತ್ತಾ ಬಂದ ಜನ ಅವರು. ಮೂಲ ಊರು ಯಾವುದು, ಅಲ್ಲಿಂದ ಯಾರು ಎದ್ದು ಬಂದರು ಅನ್ನುವುದು ಮನೆಯವರಿಗೇ ಮರೆತಿದ್ದರೂ ಅವರಲ್ಲಿ ಉಳಿದಿರುತ್ತದೆ. ಕೊಡಗಿನವರಾದರೆ ಮನೆತನದ ಮೂಲಮನೆಯಾದ ಐನ್‌ಮನೆಗೆ ಒಮ್ಮೆ ಹೋಗಿ ಬನ್ನಿ, ಅಲ್ಲಿನ ಕಂಬ, ಬಾಗಿಲ ಚೌಕಟ್ಟು ಚಿತ್ರದ ಹಿನ್ನೆಲೆಗೆ ಬೇಕಾಗುತ್ತವೆ.

ಇಲ್ಲಿ ನಾಜೂಕಾಗಿ ನಡೆದುಕೊಳ್ಳಬೇಕಾದ ವಿಷಯ ಒಂದಿದೆ. ಕೆಲವು ಹಿರಿಯರಿಗೆ ಚಿತ್ರ ಬರೆಸಿಕೊಳ್ಳುವುದೇ ಇಷ್ಟವಿರುವುದಿಲ್ಲ. ನಮ್ಮಲ್ಲಿ ಗೋಡೆಯ ಮೇಲೆ ದೊಡ್ಡದಾಗಿ ಹಾಕುವುದು ಹೋದವರ ಫೋಟೋ, ಅದಕ್ಕೇ ಅಳುಕು. ಬಲವಂತ ಬೇಡ. ಅವರ ಕೈಗಳನ್ನು ಮಾತ್ರ ಬರೆಯುತ್ತೇನೆ ಅಂತ ಕೇಳಿ ನೋಡಿ. ಅವರೆಕಾಳು ಬಿಡಿಸುವ ಕೈ, ಹೂ ಕಟ್ಟುವ ಕೈ, ಮೊಣಕೈವರೆಗೆ ಹಚ್ಚೆ ಇರುವ ಕೈ. ಅದೂ ಭಾವಚಿತ್ರವೇ. ಇನ್ನು ಗಂಡನನ್ನು ಕಳೆದುಕೊಂಡ ಅಜ್ಜಿಯನ್ನು ಬರೆಯುವಾಗ ಕುಂಕುಮ, ಬಳೆ, ತಾಳಿ ಇರಬೇಕಾ ಬೇಡವಾ ಅನ್ನುವುದನ್ನು ನೀವು ತೀರ್ಮಾನಿಸಬೇಡಿ, ಮಕ್ಕಳೂ ತೀರ್ಮಾನಿಸಬಾರದು. ಅವರನ್ನೇ ಕೇಳಿ. ಒಬ್ಬರು ಈಗ ಇರುವ ಹಾಗೇ ಇರಲಿ ಅನ್ನಬಹುದು, ಇನ್ನೊಬ್ಬರು ನಲವತ್ತರ ವಯಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದ ಕಾಸಗಲದ ಕುಂಕುಮ ಬೇಕು ಅನ್ನಬಹುದು. ಹೇಳಿದ ಹಾಗೆ ಬರೆಯಿರಿ.

ಹಳೆಯ ಫೋಟೋ ಏನು ಹೇಳುತ್ತದೆ, ಏನು ಮುಚ್ಚಿಡುತ್ತದೆ

ಫ್ರೇಮಿನೊಳಗಿನ ಹಳೆಯ ಫೋಟೋ ಗಾಜಿಗೆ ಅಂಟಿಕೊಂಡಿರುವುದೇ ಜಾಸ್ತಿ. ಕೀಳಬೇಡಿ, ಮುಖದ ಪದರವೇ ಗಾಜಿನ ಜೊತೆ ಬಂದುಬಿಡುತ್ತದೆ. ಫ್ರೇಮ್ ಸಮೇತ ಹಗಲು ಬೆಳಕಿನಲ್ಲಿ ನಿಲ್ಲಿಸಿ, ಗಾಜಿನಲ್ಲಿ ನಿಮ್ಮದೇ ಬಿಂಬ ಬೀಳದ ಹಾಗೆ ನಿಮ್ಮ ಬೆನ್ನ ಹಿಂದೆ ಒಂದು ಕಪ್ಪು ಬಟ್ಟೆ ಕಟ್ಟಿ, ಫ್ಲಾಶ್ ಇಲ್ಲದೆ ಫೋಟೋ ತೆಗೆಯಿರಿ. ಗಾಜಿನ ಮೇಲೆ ಹಚ್ಚಿದ ಕುಂಕುಮ, ಗಂಧ ಇದ್ದರೆ ಮನೆಯವರನ್ನು ಕೇಳಿ ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಆಮೇಲೆ ಅದನ್ನು ಎ4 ಅಳತೆಯಲ್ಲಿ, ಹೊಳಪಿಲ್ಲದ ಕಾಗದದ ಮೇಲೆ ಪ್ರಿಂಟ್ ಹಾಕಿಸಿ. ಫೋನಿನ ಪರದೆ ನೋಡಿಕೊಂಡು ಬರೆಯಬೇಡಿ, ಆ ಬೆಳಕು ನಿಮ್ಮ ಬಣ್ಣದ ಅಂದಾಜನ್ನೇ ಕೆಡಿಸುತ್ತದೆ.

ಈಗ ಮುಖ್ಯ ವಿಷಯ. ಹಿಂದಿನ ಕಾಲದ ಕ್ಯಾಮೆರಾಗಳ ಎಷ್ಟೋ ಗಾಜಿನ ಪ್ಲೇಟುಗಳಿಗೆ, ಫಿಲ್ಮುಗಳಿಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ಅಂಥ ಫೋಟೋಗಳಲ್ಲಿ ಕೆಂಪು ಸೀರೆ ಕಪ್ಪಾಗಿ, ತಿಳಿನೀಲಿ ಬಟ್ಟೆ ಹೆಚ್ಚುಕಡಿಮೆ ಬಿಳಿಯಾಗಿ ಬೀಳುತ್ತಿತ್ತು. ತುಟಿ, ಕುಂಕುಮ ಕಪ್ಪು. ನಮ್ಮ ಕಂದು ಚರ್ಮವೂ ಇದ್ದದ್ದಕ್ಕಿಂತ ಕಪ್ಪಾಗಿಯೇ ಕಾಣುತ್ತಿತ್ತು. ಅದನ್ನು ಸರಿಮಾಡಲೋ, ಬೆಳ್ಳಗೆ ತೋರಿಸಲೋ ಸ್ಟುಡಿಯೋದವರು ನೆಗೆಟಿವ್ ಮೇಲೆ ಪೆನ್ಸಿಲಿನಿಂದ ತಿದ್ದಿರುತ್ತಿದ್ದರು. ಸುಕ್ಕು, ಸಿಡುಬಿನ ಕಲೆ ಎಲ್ಲ ಹೋಗಿರುತ್ತಿತ್ತು. ಅಂದರೆ ಫೋಟೋದಲ್ಲಿರುವ ಬೂದು ಬಣ್ಣ ನೋಡಿ "ಇದು ಕಪ್ಪು ಸೀರೆ" ಅಂತ ತೀರ್ಮಾನಿಸುವ ಹಾಗೇ ಇಲ್ಲ. ಅದಕ್ಕೇ ಕೇಳಬೇಕು ಅಂದದ್ದು. ಮದುವೆ ಫೋಟೋದ ಆ ಕಪ್ಪು ಸೀರೆ ಅಜ್ಜಿಯ ನೆನಪಿನಲ್ಲಿ ದಾಳಿಂಬೆ ಬಣ್ಣದ್ದಾಗಿರಬಹುದು, ಅದರ ಒಂದು ತುಂಡು ದೇವರ ಪೆಟ್ಟಿಗೆಯಲ್ಲಿ ಮಡಿಸಿಟ್ಟಿರಲೂಬಹುದು. ತುಂಡು ಸಿಕ್ಕಿದರೆ ಬೆಳಕಿನಲ್ಲಿ ಹಿಡಿದು, ಬಣ್ಣ ಕಲಸಿ, ಹೊಂದುವವರೆಗೂ ಬಿಡಬೇಡಿ.

ಫೋಟೋ ನೋಡಿ ಬರೆಯುವುದು ಕೀಳು ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಲ್ಲಿರುವ ದಸರಾ ಮೆರವಣಿಗೆಯ ತೈಲಚಿತ್ರಗಳನ್ನು ಅರಮನೆ ಕಲಾವಿದರು ನಿಜವಾದ ಮೆರವಣಿಗೆಯ ಫೋಟೋಗಳನ್ನು ಆಧರಿಸಿಯೇ ಬರೆದರು. ಅದರ ಮುಂದೆ ನಿಂತರೆ ಗುಂಪಿನಲ್ಲಿರುವ ಒಂದೊಂದು ಮುಖವೂ ಬೇರೆ ಬೇರೆ. ಅಲ್ಲಿಂದ ಜಗನ್ಮೋಹನ ಅರಮನೆಗೂ ಹೋಗಿ. ರವಿವರ್ಮ ರೇಷ್ಮೆಯ ಅಂಚನ್ನು ಹತ್ತಿರದಿಂದ ಎಷ್ಟು ಕಡಿಮೆ ಹೊಡೆತಗಳಲ್ಲಿ ಮುಗಿಸಿದ್ದಾರೆ ನೋಡಿ. ಅಲ್ಲೇ ದೀಪ ಹಿಡಿದ ಹೆಣ್ಣಿನ ಚಿತ್ರವೂ ಇದೆ. ಅದನ್ನು ರವಿವರ್ಮನದು ಅಂದುಕೊಳ್ಳುವವರು ಬಹಳ, ಆದರೆ ಅದು ಎಸ್.ಎಲ್. ಹಲ್ದಣಕರ್ ಅನ್ನುವ ಕಲಾವಿದರದು, ಎಣ್ಣೆಬಣ್ಣವೂ ಅಲ್ಲ, ಜಲವರ್ಣ. ಅಲ್ಲಿ ದೀಪ ಹಿಡಿದು ನಿಂತವರು ಕಲಾವಿದರ ಸ್ವಂತ ಮಗಳು. ಬೆಂಗಳೂರಿನವರಿಗೆ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಹತ್ತಿರ.

ಫೋಟೋವೇ ಇಲ್ಲದ ಮುತ್ತಜ್ಜಿಯರ ಬಗ್ಗೆ ಒಂದು ಮಾತು. ಮುತ್ತಜ್ಜನ ಫೋಟೋ ಇರುತ್ತದೆ, ಅವರ ಹೆಂಡತಿಯದು ಇರುವುದಿಲ್ಲ, ಇದು ಎಷ್ಟೋ ಮನೆಗಳ ಕತೆ. ಆಗ ಮುಖವನ್ನು ಊಹಿಸಿ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಮುಂದಿನ ತಲೆಮಾರು ಅದನ್ನೇ ನಿಜ ಅಂದುಕೊಳ್ಳುತ್ತದೆ. ಅದರ ಬದಲು ಅವರ ಸೀರೆಯನ್ನೋ ಸರವನ್ನೋ ಹಾಕಿಕೊಂಡ ಮೊಮ್ಮಗಳನ್ನು ಬರೆಯಿರಿ, ಹಿಂದೆ ಅವರ ಹೆಸರು ಬರೆದಿಡಿ.

ಸಾಮಾನು

ಕಡಿಮೆ ಸಾಕು, ಆದರೆ ಸರಿಯಾದದ್ದು ಇರಲಿ. 12ಕ್ಕೆ 16 ಇಂಚಿನ ಕ್ಯಾನ್ವಾಸ್ ಬೋರ್ಡುಗಳು ಅಭ್ಯಾಸಕ್ಕೆ, 16ಕ್ಕೆ 20 ಇಂಚಿನ ಮರದ ಚೌಕಟ್ಟಿಗೆ ಬಿಗಿದ ಕ್ಯಾನ್ವಾಸ್ ಮುಖ್ಯ ಚಿತ್ರಕ್ಕೆ. 16ಕ್ಕೆ 20ರಲ್ಲಿ ತಲೆ ಮತ್ತು ಎದೆಯವರೆಗೆ ಆರಾಮಾಗಿ ಕೂರುತ್ತದೆ, ತಲೆಯನ್ನು ನಿಜವಾದ ಅಳತೆಗಿಂತ ಸ್ವಲ್ಪ ಚಿಕ್ಕದಾಗಿ ಬರೆಯಿರಿ.

ಬಣ್ಣಗಳು: ಟೈಟಾನಿಯಮ್ ವೈಟ್ (ದೊಡ್ಡ ಟ್ಯೂಬ್), ಯೆಲ್ಲೋ ಓಕರ್ (ಮಣ್ಣಿನ ಹಳದಿ), ವರ್ಮಿಲಿಯನ್ ಅಥವಾ ಕ್ಯಾಡ್ಮಿಯಮ್ ರೆಡ್, ಕ್ರಿಮ್ಸನ್ (ಕಡುಗೆಂಪು), ಬರ್ನ್ಟ್ ಸಿಯೆನ್ನಾ (ಕೆಂಗಂದು), ಬರ್ನ್ಟ್ ಅಂಬರ್ (ಕಡುಗಂದು), ಅಲ್ಟ್ರಾಮರೀನ್ ನೀಲಿ, ಐವರಿ ಬ್ಲ್ಯಾಕ್. ಸ್ವೀಡನ್ನಿನ ಆಂಡರ್ಸ್ ಸೋರ್ನ್ ಅನ್ನುವ ಕಲಾವಿದ ಬಿಳಿ, ಓಕರ್, ವರ್ಮಿಲಿಯನ್, ಕಪ್ಪು ಇಷ್ಟರಲ್ಲೇ ಎಷ್ಟೋ ಮುಖಗಳನ್ನು ಬರೆದ. ನಮ್ಮ ಮೈಬಣ್ಣಕ್ಕೆ ಅದರ ಜೊತೆ ಸಿಯೆನ್ನಾ, ಅಲ್ಟ್ರಾಮರೀನ್ ಬೇಕೇ ಬೇಕು. ಟ್ಯೂಬಿನಲ್ಲಿ ಸಿಗುವ "ಫ್ಲೆಶ್ ಟಿಂಟ್" ಅನ್ನುವ ಸಿದ್ಧ ಮೈಬಣ್ಣ ಕೊಳ್ಳಬೇಡಿ, ಅದು ನಮ್ಮ ಯಾರ ಬಣ್ಣವೂ ಅಲ್ಲ.

ಕುಂಚ ಚಪ್ಪಟೆ ಬಿರುಸು ಕೂದಲಿನವು ಮೂರು, ಮೆತ್ತನೆಯದು ಒಂದು, ಸಣ್ಣ ದುಂಡನೆಯದು ಒಂದು. ಪ್ಯಾಲೆಟ್‌ಗೆ ಗಾಜಿನ ತುಂಡು ಸಾಕು, ಅಂಚು ಉಜ್ಜಿಸಿ, ಕೆಳಗೆ ಬೂದು ಕಾಗದ ಇಡಿ. ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆಯನ್ನು ಚಿತ್ರಕಲೆ ಸಾಮಾನಿನ ಅಂಗಡಿಯಲ್ಲೇ ತೆಗೆದುಕೊಳ್ಳಿ, ರಿಫೈನ್ಡ್ ಲಿನ್ಸೀಡ್ ಆಯಿಲ್ ಅಂತ ಕೇಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಮರದ ಪಾಲಿಶ್‌ಗೆ ಮಾರುವ ಡಬಲ್ ಬಾಯಿಲ್ಡ್ ಎಣ್ಣೆ ಹಾಕಿದರೆ ಚಿತ್ರ ಹಳದಿಯಾಗಿ ಮಂಕಾಗುತ್ತದೆ. ಒರೆಸಲು ಹಳೆಯ ಪಂಚೆ ಹರಿದಿಟ್ಟುಕೊಳ್ಳಿ.

ಎಚ್ಚರಿಕೆ ಒಂದು, ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಹೀರಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗೇ ಬೆಂಕಿ ಹತ್ತಿಕೊಳ್ಳಬಹುದು, ಬೇಸಿಗೆಯ ಹೆಂಚಿನ ಮನೆಯಲ್ಲಂತೂ ಬಹಳ ಅಪಾಯ. ಬಳಸಿದ ಬಟ್ಟೆಯನ್ನು ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಹಾಕಿ ಮುಚ್ಚಿಡಿ. ಟರ್ಪೆಂಟೈನ್ ವಾಸನೆ ಹಿರಿಯರಿಗೆ ಕೆಮ್ಮು ತರಿಸುತ್ತದೆ, ಉಬ್ಬಸ ಇರುವವರ ಎದುರು ತೆರೆದಿಡಲೇಬೇಡಿ. ಅವರು ಕೂತಿರುವಾಗ ಕುಂಚವನ್ನು ಬಟ್ಟೆಗೆ ಒರೆಸಿಕೊಂಡೇ ಕೆಲಸ ಮಾಡಿ. ಕೊನೆಗೆ ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಹಿಂಡಿ, ಸೋಪು ನೀರಲ್ಲಿ ತೊಳೆದರೆ ಕುಂಚ ಸ್ವಚ್ಛವಾಗುತ್ತದೆ.

ಬೆಳಕು ಮತ್ತು ಕೂರಿಸುವುದು

ಚಿತ್ರಕಲೆಯ ಪುಸ್ತಕಗಳೆಲ್ಲ ಉತ್ತರದ ಕಿಟಕಿ ಹುಡುಕಿ ಅನ್ನುತ್ತವೆ. ಯುರೋಪಿನಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣಕ್ಕೇ ಇರುವುದರಿಂದ ಅಲ್ಲಿಗೆ ಅದು ಸರಿ. ನಮ್ಮಲ್ಲಿ ಬೇಸಿಗೆಯಲ್ಲಿ ಹಾಗಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬಂದು, ಅಲ್ಲಿಂದ ಆಗಸ್ಟ್ ಮಧ್ಯದವರೆಗೂ ಉತ್ತರದ ಕಡೆಗಿರುತ್ತಾನೆ. ಕಲಬುರಗಿ, ಬೀದರ್ ಕಡೆ ಇದು ಮೇ ತಿಂಗಳಲ್ಲಿ ಆಗುತ್ತದೆ. ಹಾಗಾಗಿ ಮೇನಲ್ಲಿ ಉತ್ತರದ ಕಿಟಕಿಗೆ ಬೆಳಗ್ಗೆ ಸಂಜೆ ಓರೆ ಬಿಸಿಲು ನುಗ್ಗಿ ಮುಖದ ಮೇಲಿನ ನೆರಳನ್ನೆಲ್ಲ ಬದಲಿಸಿಬಿಡುತ್ತದೆ. ಉದ್ದ ಸೂರಿರುವ ಮನೆಯಾದರೆ ದಕ್ಷಿಣದ ಕಿಟಕಿಯೇ ಆಗ ಒಳ್ಳೆಯದು. ಇಲ್ಲದಿದ್ದರೆ ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟಿ. ತೊಟ್ಟಿಮನೆ ಇದ್ದವರಿಗೆ ಯಾವ ಚಿಂತೆಯೂ ಇಲ್ಲ: ತೊಟ್ಟಿಯ ಅಂಚಿನಿಂದ ಒಂದು ಕಂಬ ಒಳಗೆ ಕೂರಿಸಿದರೆ ಮೇಲಿಂದ ಇಳಿಯುವ ಬೆಳಕು ಹಣೆ, ಕೆನ್ನೆಮೂಳೆ, ಮೂಗನ್ನು ಎತ್ತಿ ಹಿಡಿಯುತ್ತದೆ, ಕಣ್ಣಿನ ಗುಳಿಗಳಲ್ಲಿ ಮೆತ್ತನೆಯ ನೆರಳು ನಿಲ್ಲುತ್ತದೆ. ಮಲೆನಾಡಿನ ಜಗಲಿ, ಉತ್ತರ ಕರ್ನಾಟಕದ ಪಡಸಾಲೆಯೂ ಚೆನ್ನ.

ದಿನಕ್ಕೆ ಒಂದೇ ಹೊತ್ತು, ಒಂದೇ ಜಾಗ. ಬೆಳಗಿನ ತಿಂಡಿ, ಮಾತ್ರೆ ಮುಗಿದ ಮೇಲೆ ಹತ್ತರಿಂದ ಹನ್ನೊಂದೂವರೆ ಸರಿಯಾದ ಸಮಯ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಓಡಾಡಲಿ, ನೀರು ಕುಡಿಯಲಿ. ಬೆನ್ನಿಗೆ ಆಸರೆ ಇರುವ ಕುರ್ಚಿ, ಕಾಲಿಗೆ ಮಣೆ. ಎಲ್ಲಿ ಕೂತಿದ್ದರು ಅನ್ನುವುದಕ್ಕೆ ಕುರ್ಚಿಯ ಕಾಲುಗಳ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಮದುವೆಗೆ ಹೊರಟವರ ಹಾಗೆ ಅಲಂಕಾರ ಮಾಡಿಸಬೇಡಿ. ದಿನಾ ಉಡುವ ಸೀರೆಯೇ ಇರಲಿ, ಅವರೇ ರೇಷ್ಮೆ ಉಡುತ್ತೇನೆ ಅಂದರೆ ಸರಿ. ನಡುವೆ ನೋಡಿಕೊಳ್ಳಲು ನೀವೇ ತೆಗೆದ ಅವರದೊಂದು ಫೋಟೋ ಬೇಕಾಗುತ್ತದೆ. ಅದನ್ನು ಆರೇಳು ಅಡಿ ದೂರದಿಂದ, ಜೂಮ್ ಮಾಡಿ, ಕಣ್ಣಿನ ಎತ್ತರದಲ್ಲಿ ತೆಗೆಯಿರಿ. ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿದು ಮುಖವೇ ಬೇರೆಯಾಗುತ್ತದೆ.

ಬರೆಯುವ ಹಂತಗಳು

ಮೊದಲು ಕ್ಯಾನ್ವಾಸಿನ ಬಿಳುಪು ಹೋಗಲಿ. ಬರ್ನ್ಟ್ ಅಂಬರ್‌ಗೆ ಟರ್ಪೆಂಟೈನ್ ಬೆರೆಸಿ ನೀರಾಗಿಸಿ, ಇಡೀ ಕ್ಯಾನ್ವಾಸಿಗೆ ತೆಳುವಾಗಿ ಹಚ್ಚಿ, ಬಟ್ಟೆಯಲ್ಲಿ ಒರೆಸಿ. ಬಿಳಿ ಹಾಳೆಯ ಮೇಲೆ ಎಲ್ಲ ಬಣ್ಣವೂ ಕಪ್ಪಾಗಿ ಕಾಣುತ್ತದೆ, ಅದರಿಂದ ನಮಗೆ ಗೊತ್ತಿಲ್ಲದೆ ಮುಖ ಬೆಳ್ಳಗಾಗುತ್ತಾ ಹೋಗುತ್ತದೆ. ಕಂದು ನೆಲದ ಮೇಲೆ ಆ ಮೋಸ ಇಲ್ಲ.

ಆಮೇಲೆ ಇದ್ದಿಲಿನಲ್ಲಿ ರೇಖೆ. ಕಣ್ಣುಗಳು ತಲೆಯ ಎತ್ತರದ ಸರಿ ಅರ್ಧದಲ್ಲಿ ಬರುತ್ತವೆ, ತುರುಬು ಕೂದಲು ಲೆಕ್ಕಕ್ಕಿಲ್ಲ. ವಯಸ್ಸಾದವರಲ್ಲಿ ಕಿವಿ, ಮೂಗು ಉದ್ದವಾಗಿರುತ್ತವೆ, ಮೇಲ್ತುಟಿ ತೆಳುವಾಗಿರುತ್ತದೆ, ಹಲ್ಲು ಹೋಗಿದ್ದರೆ ಗಲ್ಲ ಮೂಗಿನ ಕಡೆಗೆ ಬಂದಿರುತ್ತದೆ. ಭಾರದ ಓಲೆ ಹಾಕಿದ ಅಜ್ಜಿಯರ ಕಿವಿಯ ತೂತು ಉದ್ದಕ್ಕೆ ಸೀಳಿದಂತಿರುತ್ತದೆ, ಅದನ್ನು ಬಿಡಬೇಡಿ. ಫೋಟೋದಿಂದಾದರೆ ಪ್ರಿಂಟಿನ ಮೇಲೂ ಕ್ಯಾನ್ವಾಸ್ ಮೇಲೂ ಚೌಕ ಎಳೆದುಕೊಂಡು ಇಳಿಸಿ. ರೇಖೆ ಸರಿಯಾದ ಮೇಲೆ ತೆಳು ಅಂಬರ್‌ನಲ್ಲಿ ಮತ್ತೊಮ್ಮೆ ತಿದ್ದಿ, ಇದ್ದಿಲಿನ ಪುಡಿ ಕೊಡವಿಬಿಡಿ, ಇಲ್ಲದಿದ್ದರೆ ಬಣ್ಣ ಕೊಳಕಾಗುತ್ತದೆ.

ಮೂರನೆಯದು ನೆರಳು. ಕಣ್ಣು ಅರ್ಧ ಮುಚ್ಚಿ ನೋಡಿ. ವಿವರವೆಲ್ಲ ಕರಗಿ ಬೆಳಕು, ನೆರಳು ಎರಡೇ ಉಳಿಯುತ್ತವೆ. ಅಂಬರ್ ಒಂದರಲ್ಲೇ ಆ ನೆರಳನ್ನೆಲ್ಲ ಒಟ್ಟಿಗೆ ತುಂಬಿ, ಬೆಳಕಿರುವ ಕಡೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಈ ಹಂತದಲ್ಲೇ ಮನೆಯವರು ಬಂದು "ಓ, ದೊಡ್ಡಪ್ಪ!" ಅಂದರೆ ಹೋಲಿಕೆ ಬಂದಿದೆ ಅಂತ ಅರ್ಥ. ಅನ್ನದಿದ್ದರೆ ಮುಂದೆ ಹೋಗಬೇಡಿ. ಬಣ್ಣ ಹಚ್ಚಿದ ಮೇಲೆ ಹೋಲಿಕೆ ತಾನಾಗಿ ಬರುವುದಿಲ್ಲ. ಅಂಬರ್ ಬೇಗ ಒಣಗುವ ಬಣ್ಣ, ತೆಳುವಾಗಿ ಹಚ್ಚಿದ್ದರೆ ಏಪ್ರಿಲ್ ಬಿಸಿಗೆ ಒಂದೆರಡು ದಿನದಲ್ಲಿ ಕೈಗೆ ಅಂಟುವುದಿಲ್ಲ.

ಈಗ ಮೈಬಣ್ಣ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಸಿಯೆನ್ನಾ, ಓಕರ್, ಚೂರು ಅಲ್ಟ್ರಾಮರೀನ್, ಇಷ್ಟು ಕಲಸಿದರೆ ನಮ್ಮ ಕಡೆಯ ಕಂದು ಸಿಗುತ್ತದೆ. ಅದನ್ನು ತಿಳಿ ಮಾಡಲು ನೇರ ಬಿಳಿ ಸುರಿಯಬೇಡಿ, ಬೂದಿ ಬಳಿದ ಹಾಗಾಗುತ್ತದೆ. ಮೊದಲು ಓಕರ್ ಹೆಚ್ಚಿಸಿ, ಆಮೇಲೆ ಒಂದಿಷ್ಟು ಬಿಳಿ. ನೆರಳಿಗೆ ಕಪ್ಪು ಬೇಡ, ಸಿಯೆನ್ನಾ, ಕ್ರಿಮ್ಸನ್, ಅಲ್ಟ್ರಾಮರೀನ್ ಸೇರಿಸಿದ ಬೆಚ್ಚಗಿನ ಕಡುಗಂದು ಹಾಕಿ. ಕಪ್ಪು ಚರ್ಮದ ಮೇಲೆ ಹೊಳಪು ಬಿದ್ದ ಜಾಗವನ್ನು ಗಮನಿಸಿ: ಹಣೆಯ ಮೇಲೆ, ಮೂಗಿನ ತುದಿಯಲ್ಲಿ ಅದು ಕಿಟಕಿಯ ಆಕಾಶದ ಬಣ್ಣ ಹಿಡಿದು ತುಸು ನೀಲಿಯಾಗಿರುತ್ತದೆ. ಆ ತಣ್ಣನೆಯ ಹೊಳಪು ಸರಿಯಾಗಿ ಬಿದ್ದರೆ ಮುಖಕ್ಕೆ ಜೀವ ಬರುತ್ತದೆ. ಹಣೆ ಸ್ವಲ್ಪ ಹಳದಿ ಕಡೆಗೆ, ಕೆನ್ನೆ ಮೂಗು ಕಿವಿ ಕೆಂಪಿನ ಕಡೆಗೆ, ಗಂಡಸರ ಗಡ್ಡದ ಜಾಗ ಬೂದು ಹಸಿರಿನ ಕಡೆಗೆ ವಾಲುತ್ತದೆ. ಸುಕ್ಕುಗಳನ್ನು ಗೆರೆ ಎಳೆಯಬೇಡಿ. ಪ್ರತಿ ಸುಕ್ಕಿಗೂ ಬೆಳಕಿನ ಒಂದು ಬದಿ, ನೆರಳಿನ ಒಂದು ಬದಿ ಇದೆ, ಅಷ್ಟೇ ಬರೆಯಿರಿ.

ಈ ಹೊತ್ತಿಗೆ ಮನೆಯಲ್ಲಿ ಯಾರೋ ಒಬ್ಬರು "ಸ್ವಲ್ಪ ಬೆಳ್ಳಗೆ ಮಾಡು" ಅಂತ ಖಂಡಿತ ಹೇಳುತ್ತಾರೆ. ಮಾಡಬೇಡಿ. ಗದ್ದೆಯಲ್ಲಿ, ತೋಟದಲ್ಲಿ, ಒಲೆಯ ಮುಂದೆ ಎಪ್ಪತ್ತು ವರ್ಷ ದುಡಿದ ಮುಖದ ಬಣ್ಣ ಅದು. ಸ್ಟುಡಿಯೋದವರು ಅವರನ್ನು ಬೆಳ್ಳಗೆ ಮಾಡಿ ಮಾಡಿ ನಿಜವಾದ ಬಣ್ಣ ಯಾವ ಫೋಟೋದಲ್ಲೂ ಉಳಿದಿಲ್ಲ, ನಿಮ್ಮ ಚಿತ್ರದಲ್ಲಾದರೂ ಉಳಿಯಲಿ.

ಪದರದ ನಿಯಮ ಒಂದೇ: ಕೆಳಗೆ ಎಣ್ಣೆ ಕಡಿಮೆ, ಮೇಲೆ ಎಣ್ಣೆ ಜಾಸ್ತಿ. ಮೊದಲ ಪದರಕ್ಕೆ ಬರೀ ಟರ್ಪೆಂಟೈನ್, ಎರಡನೆಯದಕ್ಕೆ ಎರಡು ಪಾಲು ಟರ್ಪೆಂಟೈನಿಗೆ ಒಂದು ಪಾಲು ಅಗಸೆ ಎಣ್ಣೆ, ಮೇಲಿನದಕ್ಕೆ ಸಮಸಮ. ತಿರುಗಾಮುರುಗಾ ಆದರೆ ಮೇಲಿನದು ಮೊದಲೇ ಗಟ್ಟಿಯಾಗಿ, ಕೆಳಗಿನದು ಇನ್ನೂ ಒಣಗುತ್ತಾ ಅಲುಗಾಡಿ, ಕೆಲವು ವರ್ಷಗಳಲ್ಲಿ ಬಿರುಕು ಬಿಡುತ್ತದೆ. ಅಕ್ರಿಲಿಕ್ ಮೇಲೆ ಎಣ್ಣೆಬಣ್ಣ ಹಚ್ಚಬಹುದು, ಎಣ್ಣೆಬಣ್ಣದ ಮೇಲೆ ಅಕ್ರಿಲಿಕ್ ಮಾತ್ರ ಬೇಡ.

ಸೀರೆ, ಒಡವೆ, ರುಮಾಲು

ಮುಖ ಮುಗಿಯುವ ಮೊದಲು ಬಟ್ಟೆಯ ವಿವರಕ್ಕೆ ಹೋಗಬೇಡಿ. ಆದರೆ ಹೋದಾಗ ಸರಿಯಾಗಿ ನೋಡಿ, ಮನೆತನ, ಊರು ಇಲ್ಲೇ ಕಾಣುವುದು. ಇಳಕಲ್ ಸೀರೆಯ ಕೆಂಪು ಸೆರಗಿನಲ್ಲಿ ಗೋಪುರದ ಆಕಾರದ ಬಿಳಿ ತೆನಿ ಇರುತ್ತದೆ, ಒಡಲು ಬೇರೆ ಬಣ್ಣ. ಕೊಡವರ ಸೀರೆಯ ನೆರಿಗೆ ಬೆನ್ನ ಹಿಂದಿರುತ್ತದೆ, ಹಾಗಾಗಿ ಮುಂಭಾಗ ಸಪಾಟು. ಕಸೂತಿ ಇದ್ದರೆ ಗವಂತಿಯೋ ಮುರ್ಗಿಯೋ ನೇಗಿಯೋ ಮೆಂತಿಯೋ ಅಂತ ಹಾಕಿದವರನ್ನೇ ಕೇಳಿ, ಹೊಲಿಗೆ ಗೊತ್ತಾದರೆ ಕುಂಚ ಯಾವ ಕಡೆ ಓಡಬೇಕು ಅನ್ನುವುದೂ ಗೊತ್ತಾಗುತ್ತದೆ. ಕರಾವಳಿಯ ಅಜ್ಜನ ಅಡಿಕೆ ಹಾಳೆಯ ಟೋಪಿ, ಮೈಸೂರು ಕಡೆಯ ಪೇಟ, ಬಯಲುಸೀಮೆಯ ರುಮಾಲು, ಒಂದೊಂದರ ಸುತ್ತೂ ಬೇರೆ. ಎಲ್ಲವನ್ನೂ ಮೊದಲು ದೊಡ್ಡ ಬೆಳಕು ನೆರಳಾಗಿ ಬರೆದು, ಅಂಚು ಬುಟ್ಟ ಆಮೇಲೆ. ಅಂಚಿನ ಗೆರೆ ನೆರಿಗೆಯ ಒಳಗೆ ಹೋದಾಗ ಕಪ್ಪಾಗಬೇಕು, ಮುರಿಯಬೇಕು.

ಚಿನ್ನಕ್ಕೆ ಚಿನ್ನದ ಬಣ್ಣದ ಟ್ಯೂಬು ಬೇಡ. ಅಂಬರ್, ಸಿಯೆನ್ನಾ ಕಡುಗಂದು ಕೆಳಗೆ, ಓಕರ್ ನಡುವೆ, ಓಕರ್ ಬೆರೆಸಿದ ಬಿಳಿಯ ಒಂದೇ ಒಂದು ಚುಕ್ಕೆ ಮೇಲೆ. ಬುಗುಡಿ, ಬೋರಮಾಳ ಸರ, ಕರಿಮಣಿ ಸರದ ಚಿನ್ನದ ಗುಂಡು ಎಲ್ಲಕ್ಕೂ ಇಷ್ಟೇ ಸೂತ್ರ. ಮೂಗುಬೊಟ್ಟಿನ ಹೊಳಪು ಒಂದು ಸಲ ಇಟ್ಟ ಮೇಲೆ ಮುಟ್ಟಬೇಡಿ. ತಾಳಿಯ ಆಕಾರ ಮನೆಮನೆಗೂ ಬೇರೆ ಇರುವುದರಿಂದ ಅದನ್ನು ಮಾತ್ರ ಕೈಯಲ್ಲಿ ಹಿಡಿದು ನೋಡಿ ಬರೆಯಿರಿ.

ಹಿನ್ನೆಲೆ ಸರಳವಾಗಿರಲಿ. ಬಾಗಿಲ ಚೌಕಟ್ಟು, ಒರಳುಕಲ್ಲು, ಚರಕ, ನಾಡಹೆಂಚು, ಇವುಗಳಲ್ಲಿ ಒಂದನ್ನು ಆರಿಸಿ. ಎಲ್ಲವನ್ನೂ ತುಂಬಿಸಿದರೆ ಮುಖ ಹಿಂದೆ ಸರಿಯುತ್ತದೆ.

ಒಣಗುವುದು, ಮಳೆಗಾಲ, ಗೋಡೆ

ಎಣ್ಣೆಬಣ್ಣ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಹಾಗಾಗಿ ಸುಡುಬಿಸಿಲಿಗಿಡುವುದರಿಂದ ಲಾಭ ಇಲ್ಲ, ಗಾಳಿ ಬೆಳಕು ಆಡುವ ಕೋಣೆ ಬೇಕು. ಕತ್ತಲಲ್ಲಿ ಮುಚ್ಚಿಟ್ಟರೆ ಅಗಸೆ ಎಣ್ಣೆ ಹಳದಿಗೆ ತಿರುಗುತ್ತದೆ. ಮೇ ತಿಂಗಳ ಧೂಳು, ಸಂಜೆಯ ದೀಪದ ಹುಳು ಹಸಿ ಬಣ್ಣಕ್ಕೆ ಅಂಟಿಕೊಳ್ಳುತ್ತವೆ, ರಾತ್ರಿ ಹೊತ್ತು ಮುಖವನ್ನು ಗೋಡೆಯ ಕಡೆ ವಾಲಿಸಿಡಿ.

ಮಲೆನಾಡು, ಕರಾವಳಿಯವರಿಗೆ ಜೂನ್‌ನಿಂದ ಬೂಷ್ಟಿನ ಕಾಟ. ಮಳೆ ಹೊಡೆಯುವ ಹೊರಗೋಡೆಗೆ ನೇತುಹಾಕಬೇಡಿ, ಒಳಗೋಡೆ ಇರಲಿ. ಫ್ರೇಮಿನ ಹಿಂದಿನ ನಾಲ್ಕು ಮೂಲೆಗೆ ಕಾರ್ಕ್ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಗಾಜು ಹಾಕುವ ಅಗತ್ಯ ಇಲ್ಲ. ದೇವರ ಮನೆಯಲ್ಲಿ, ದೀಪ ಊದುಬತ್ತಿಯ ಹೊಗೆ ತಾಗುವ ಕಡೆ ಬೇಡ. ಕ್ಯಾನ್ವಾಸಿಗೆ ಕುಂಕುಮ ಹಚ್ಚುವುದು, ಹಸಿ ಹೂವಿನ ಹಾರ ಹಾಕುವುದು ಬೇಡ ಅಂತ ಮನೆಯವರಿಗೆ ಮೊದಲೇ ಮೆತ್ತಗೆ ಹೇಳಿ. ಹಾರ ಹಾಕಲೇಬೇಕು ಅಂದರೆ ಫ್ರೇಮಿನ ಹೊರಗೆ ಮೊಳೆ ಹೊಡೆದು ಅದಕ್ಕೆ ಹಾಕಲಿ.

ಹಿಂಬದಿಯ ಮರದ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ: ಯಾರು, ಯಾರ ಮಗಳು, ತವರೂರು ಯಾವುದು, ಎಲ್ಲಿ ಕೂತು ಬರೆದದ್ದು, ಯಾವ ವರ್ಷ, ಸೀರೆ ಯಾರು ಕೊಡಿಸಿದ್ದು, ಸರ ಈಗ ಯಾರ ಹತ್ತಿರ ಇದೆ. ಕ್ಯಾನ್ವಾಸಿನ ಬೆನ್ನಿಗೆ ಪೆನ್ನಲ್ಲಿ ಬರೆದರೆ ಶಾಯಿ ಮುಂದಕ್ಕೆ ಇಳಿಯಬಹುದು. ರೆಕಾರ್ಡ್ ಮಾಡಿದ ಮಾತುಗಳನ್ನು ಕನಿಷ್ಠ ಇಬ್ಬರ ಹತ್ತಿರ ಇಡಿ, ಒಂದು ಫೋನಿನಲ್ಲಷ್ಟೇ ಬೇಡ.

ವಾರ್ನಿಷ್‌ಗೆ ಅವಸರ ಮಾಡಬೇಡಿ. ತೆಳು ಚಿತ್ರಕ್ಕೂ ಆರು ತಿಂಗಳು ಬೇಕು, ಬಣ್ಣ ದಪ್ಪಗಿದ್ದರೆ ಒಂದು ವರ್ಷ. ಮೇನಲ್ಲಿ ಮುಗಿಸಿದ್ದನ್ನು ಸಂಕ್ರಾಂತಿಗೆ ಮತ್ತೆ ಊರಿಗೆ ಹೋದಾಗ, ಗಾಳಿ ಒಣಗಿರುವ ದಿನ ನೋಡಿ, ಧೂಳು ಒರೆಸಿ, ಅಗಲ ಮೆತ್ತನೆ ಕುಂಚದಲ್ಲಿ ಒಂದೇ ದಿಕ್ಕಿಗೆ ಎಳೆಯಿರಿ. ಒಂದು ಪದರ ಸಾಕು. ಚಪ್ಪಟೆಯಾಗಿ ಮಲಗಿಸಿ, ಒಂದು ದಿನ ಆ ಕೋಣೆಯಲ್ಲಿ ಕಸ ಗುಡಿಸದ ಹಾಗೆ ಹೇಳಿ.